ಹಗೇವಿನ ಮೇಲಿನ ಕಂಬ

ಜಗಳೂರು ಸೀಮೆಯಲ್ಲಿ ನಮ್ಮಕ್ಕ ಸಿದ್ದಲಿಂಗಮ್ಮನ ಮನೆಯ ಹಗೇವಿನಷ್ಟು ದೊಡ್ಡ ಹಗೇವು ಇನ್ನೊಂದಿರಲಿಲ್ಲ. ಅದರೊಳಗೆ ಬಗ್ಗಿ ಬೆಳಿಗ್ಗೆ ಕೂಗಿದರೆ ಪ್ರತಿಧ್ವನಿ ಮಧ್ಯಾಹ್ನದ ಊಟದ ಹೊತ್ತಿಗೆ ಬರುತ್ತಿತ್ತು. ಒಮ್ಮೆ ಅದರಲ್ಲಿ ಬಿದ್ದ ಬೆಕ್ಕಿನ ಮರಿ ತಳ ಮುಟ್ಟುವಷ್ಟರಲ್ಲಿ ಮುದಿಯಾಗಿ ಸತ್ತಿತು. ಸುಳ್ಳೆಂದರೆ ನನಗಾಗದು. ನಾನು ಕಲ್ಲೇಶಪ್ಪ, ಹುಟ್ಟಿದ್ದು ಹೊನ್ನಾಳಿ, ಅಕ್ಕನ ಮನೆಗೆ ಒಂದು ಹಬ್ಬದೂಟಕ್ಕೆಂದು ಬಂದವನು. ಇಪ್ಪತ್ತೆರಡು ವರ್ಷವಾದರೂ ಎಲೆ ಬಿಟ್ಟು ಎದ್ದಿರಲಿಲ್ಲ.

ಹಗೇವು ಕಾಣದ ಪಟ್ಟಣದ ಮಂದಿಗೆ ಹೇಳಿಬಿಡುತ್ತೇನೆ. ಅದು ನೆಲದೊಳಗೆ ಗಡಿಗೆಯ ಆಕಾರದಲ್ಲಿ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ತೂರುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಸುತ್ತ ಹುಲ್ಲು ಒತ್ತಿ, ಜೋಳ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಬಡಿದರೆ ಎತ್ತಿನ ಗಾಡಿ ಹಾದು ಹೋದರೂ ಗುಟ್ಟು ಹೊರಬೀಳದು. ಕಟ್ಟಳೆ ಒಂದೇ: ಬಾಯಿ ತೆಗೆದ ಕೂಡಲೇ ಯಾರೂ ಒಳಗಿಳಿಯಬಾರದು. ಒಂದು ದಿನ ಗಾಳಿಗೆ ಬಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು. ದೀಪ ಉರಿದರೆ ಇಳಿಯಬಹುದು. ದೀಪ ಆರಿದರೆ ಇಳಿದವನೂ ಆರುತ್ತಾನೆ.

ನಮ್ಮ ಹಗೇವು ಮನೆ ಮುಂದಿನ ಬಯಲಿನಲ್ಲಿತ್ತು. ಬಯಲಿನ ಈಚೆ ನಮ್ಮ ದೊಡ್ಡ ಬೀದಿ, ಆಚೆ ಕೆಳಗಿನ ಕೇರಿ. ನಡುವೆ ಇದ್ದದ್ದು ಅರವತ್ತು ಹೆಜ್ಜೆ, ಆದರೆ ಕಾಶಿಗೆ ಹೋಗಿಬಂದವರು ನಮ್ಮ ಬೀದಿಯಲ್ಲಿದ್ದರೇ ಹೊರತು ಆ ಅರವತ್ತು ಹೆಜ್ಜೆ ನಡೆದವರಿರಲಿಲ್ಲ. ಅವರು ಮಾತ್ರ ಕೂಲಿಗೆ ಕರೆದಾಗ ದಾಟಿ ಬರುತ್ತಿದ್ದರು, ಕೆಲಸ ಮುಗಿದೊಡನೆ ದಾಟಿ ಹೋಗುತ್ತಿದ್ದರು.

ಸಾವಿರದ ಒಂಬೈನೂರ ನಲವತ್ತೇಳನೆಯ ಇಸವಿ. ಯುದ್ಧ ಮುಗಿದು ಎರಡು ವರ್ಷವಾಗಿದ್ದರೂ ಅದರ ಹಸಿವು ಮುಗಿದಿರಲಿಲ್ಲ. ಲೆವಿ ಎಂದು ಸರ್ಕಾರ ರೈತರ ಕಾಳನ್ನು ಗಾಡಿಗಟ್ಟಲೆ ಎಳೆದೊಯ್ಯುತ್ತಿತ್ತು. ಆ ಸುಗ್ಗಿಯಲ್ಲಿ ಅಕ್ಕ ಬೆಳೆದದ್ದರಲ್ಲಿ ಅರ್ಧವನ್ನು ತೋರಿಸಿ, ಮೂವತ್ತು ಚೀಲ ಜೋಳವನ್ನು ಹಗೇವಿಗಿಳಿಸಿದಳು. ಮುನ್ನೂರು ಎನ್ನಲು ನಾಲಿಗೆ ತುರಿಸುತ್ತದೆ, ಆದರೆ ಮನೆಯೊಂದನ್ನು ಮುಳುಗಿಸಲು ಮೂವತ್ತೇ ಸಾಕಾಯಿತು. ಐವತ್ತು ಚೀಲ ಹಿಡಿಯುವ ಹಗೇವು ಮೇಲೆ ಒಂದಾಳುದ್ದ ಖಾಲಿಯಾಗಿಯೇ ಉಳಿಯಿತು.

ಒಳಗಿಳಿದು ಹುಲ್ಲು ಒತ್ತಿ ಜೋಳ ಹರವಿದವನು ಕೆಳಗಿನ ಕೇರಿಯ ಓಬಣ್ಣ. ಮೂವತ್ತು ವರ್ಷದಿಂದ ಇಳಿಯುವವನು ಅವನೇ. ಮೇಲೆ ಬಂದ ಮೇಲೆ ಅಕ್ಕ ಅವನ ಕೈಗೆ ಊರಮ್ಮನ ಭಂಡಾರ ಹಾಕಿ ಆಣೆ ತೆಗೆದುಕೊಂಡಳು.

"ಓಬ, ಇದು ನಿನ್ನ ಹೊಟ್ಟಿಯಾಗೇ ಇರ್ಬೇಕು."

"ನನ್ನ ಹೊಟ್ಟಿಯಾಗೆ ಬ್ಯಾರೆ ಏನೈತೆ ಅಮ್ಮಾರೆ, ಇದಕ್ಕೆ ಜಾಗ ಐತೆ ಬಿಡ್ರಿ" ಎಂದನು ಓಬಣ್ಣ.

ಹಗೇವು ತುಂಬುವುದೂ ತೆಗೆಯುವುದೂ ಯಾವಾಗಲೂ ನಡುರಾತ್ರಿಯಲ್ಲೇ ನಡೆಯುತ್ತಿದ್ದರಿಂದ ಅದು ಇದೆಯೆಂದೇ ಊರಿಗೆ ತಿಳಿದಿರಲಿಲ್ಲ. ಮನೆಯಲ್ಲಿ ಗುಟ್ಟು ಗೊತ್ತಿದ್ದದ್ದು ಅಕ್ಕನಿಗೆ, ಅವಳ ಮಗ ಕೊಟ್ರಬಸಪ್ಪನಿಗೆ, ಸೊಸೆ ಉಡಚಮ್ಮನಿಗೆ. ನನಗೂ ಹೇಳುತ್ತಿರಲಿಲ್ಲ, ಅವತ್ತು ಆ ಜಾಗದ ಮೇಲೆಯೇ ನಾನು ಮಲಗಿದ್ದರಿಂದ ಎಬ್ಬಿಸಲೇಬೇಕಾಯಿತು. ಗೊತ್ತಿಲ್ಲದಿದ್ದವನು ಮೊಮ್ಮಗ ರೇವಣ್ಣ ಒಬ್ಬನೇ. ಅವನು ದಾವಣಗೆರೆಯಲ್ಲಿ ಮಠದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ.

ಆಷಾಢದ ಗಾಳಿಯ ಜೊತೆಗೆ ರೇವಣ್ಣ ಊರಿಗೆ ಬಂದಿಳಿದ. ತಲೆಯ ಮೇಲೆ ಗಾಂಧಿ ಟೋಪಿ, ಬಗಲಲ್ಲಿ ಒಂದು ನೋಟ್‌ಬುಕ್ಕು. ಓದು ಬಿಟ್ಟೆನೆಂದ. ಸುಳ್ಳು ಹೇಳುವುದಿಲ್ಲವೆಂದು ವ್ರತ ತೊಟ್ಟೆನೆಂದ. ಮನೆಯಲ್ಲಿ ಅದಕ್ಕಿಂತ ದೊಡ್ಡ ಅನಾಹುತ ಪ್ಲೇಗು ಬಂದಾಗಲೂ ಆಗಿರಲಿಲ್ಲ.

ಊಟಕ್ಕೆ ಕೂತಾಗ ಉಡಚಮ್ಮ ಮಗನ ತಟ್ಟೆಗೆ ರೊಟ್ಟಿ ಹಾಕಿದಳು. ರೇಷನ್ನಿನ ಹುಳುಕು ಜೋಳದ ರೊಟ್ಟಿ, ಎಷ್ಟು ತೆಳು ಎಂದರೆ ಅದನ್ನು ಹಿಡಿದು ನೋಡಿದರೆ ಎದುರಿಗೆ ಕೂತವನ ಮುಖದ ಮಚ್ಚೆ ಕಾಣಿಸುತ್ತಿತ್ತು. ಗುಟ್ಟು ಕಾಯಬೇಕಲ್ಲ! ಉಳಿದವರು ಹಿಟ್ಟಿಲ್ಲದೆ ಒದ್ದಾಡುವಾಗ ನಮ್ಮ ಮನೆಯ ಒಲೆ ದಪ್ಪ ರೊಟ್ಟಿ ಸುಟ್ಟರೆ ಹೊಗೆಯೇ ಚಾಡಿ ಹೇಳುತ್ತದೆಂದು ಅಕ್ಕ ಎಲ್ಲರ ಹೊಟ್ಟೆಗೂ ಬೀಗ ಹಾಕಿದ್ದಳು.

"ಇದೇನವ್ವಾ, ನಮ್ಮನ್ಯಾಗೂ ಹಿಂಗೇನಾ?" ಎಂದ ರೇವಣ್ಣ.

ಉಡಚಮ್ಮ ಅತ್ತೆಯ ಮುಖ ನೋಡಿದಳು. ಅತ್ತೆ ಅಂಬಲಿಯ ಮಡಕೆಯ ಮುಖ ನೋಡಿದಳು.

"ಊರಿಗೆ ಬಂದದ್ದು ನಮಗೂ ಬಂದೈತೆ. ತಿನ್ನು" ಎಂದಳು ಅಕ್ಕ.

ರೇವಣ್ಣನ ಎದೆ ಉಬ್ಬಿತು. "ಭೇಷ್ ಅಜ್ಜಿ! ನಾನು ಊರಿನ ಆಹಾರ ಸಮಿತಿಗೆ ಸೇರೀನಿ. ಕಾಳು ಬಚ್ಚಿಟ್ಟೋರ ಹೆಸರು ಬರಿಯೋ ಕೆಲಸ ನಂದು. ಯಾರ ಮನಿಯಾಗೆ ಬೇಕಾದ್ರೂ ತಲೆ ಎತ್ಕೊಂಡು ಹೋಗ್ಬೋದು ನಾನು."

ಕೊಟ್ರಬಸಪ್ಪನ ಗಂಟಲಲ್ಲಿ ರೊಟ್ಟಿ ಸಿಕ್ಕಿಕೊಂಡಿತು. ಅವನ ಹೊಟ್ಟೆ ಸಣ್ಣದಲ್ಲ. ಅವನು ಬಾಗಿಲು ದಾಟುವಾಗ ಹೊಟ್ಟೆ ಮೊದಲು ಹೋಗಿ ಒಳಗಿನವರ ಕ್ಷೇಮಸಮಾಚಾರ ಕೇಳಿರುತ್ತಿತ್ತು. ಅಂಥ ಹೊಟ್ಟೆಯೂ ಕೆಮ್ಮಿನಿಂದ ಅಲುಗಾಡಿತು.

"ಇನ್ನೊಂದೈತೆ" ಎಂದ ರೇವಣ್ಣ. "ಆಗಸ್ಟು ಹದಿನೈದಕ್ಕೆ ಸ್ವಾತಂತ್ರ್ಯ. ಬಾವುಟದ ಕಂಬ ನೆಡಾಕೆ ಜಾಗ ಗೊತ್ತು ಮಾಡೀವಿ. ನಮ್ಮನಿ ಮುಂದಿನ ಬಯಲು. ಆ ಕೇರಿಯೋರೂ ಈ ಬೀದಿಯೋರೂ ಒಟ್ಟಿಗೆ ನಿಂದ್ರಾಕೆ ಊರಾಗೆ ಅದೊಂದೇ ಜಾಗ. ನಟ್ಟನಡುವೆ ಗೆರೆ ಹಾಕಿ ಬಂದೀನಿ."

ನಟ್ಟನಡುವೆ ಇದ್ದದ್ದು ಹಗೇವಿನ ಬಾಯಿ.

ಅಕ್ಕನ ಕೈಯಿಂದ ಸೌಟು ಬಿತ್ತು. ಆ ಸದ್ದು ಚನ್ನಗಿರಿಯವರೆಗೂ ಕೇಳಿತೆಂದು ಆಮೇಲೆ ಬಂದ ಬೀಗರು ಹೇಳಿದರು.

"ಬ್ಯಾಡ" ಎಂದಳು.

"ಯಾಕೆ?"

"ಕಂಬದ ನೆರಳು ಹೊಸಿಲಿಗೆ ಬಿದ್ರೆ ಮನಿ ಹಾಳು."

"ಬೇವಿನ ಮರದ ನೆರಳು ಬೀಳಲ್ಲೇನು?"

"ಅದು ಬೇವು. ಇದು ಬೋಳು ಕಂಬ."

"ಬೋಳೆಲ್ಲೈತೆ, ಮ್ಯಾಲೆ ಬಾವುಟ ಇರ್ತೈತಲ್ಲ!"

"ನಮ್ಮದು ಮಹಾರಾಜರ ಸೀಮೆ ಕಣಲೇ. ದಿಲ್ಲೀದು ದಿಲ್ಲಿಯಾಗಿರ್ಲಿ. ಪೊಲೀಸರು ಬಂದ್ರೆ ಯಾರ ಮನಿ ಬಾಗಿಲು ಬಡೀತಾರೆ? ಕಂಬ ಎದುರಿಗಿದ್ದೋರದು."

"ಬಡೀಲಿ. ಪೊಲೀಸರಿಗೂ ಒಂದು ರೊಟ್ಟಿ ಕೊಡು."

ರೇವಣ್ಣ ತಟ್ಟೆ ಸರಿಸಿ ಎದ್ದು ನಿಂತ. "ನನಗೆ ಗೊತ್ತು ಅಜ್ಜಿ. ನೆರಳೂ ಅಲ್ಲ, ಪೊಲೀಸರೂ ಅಲ್ಲ. ಓಬಣ್ಣ ನಿನ್ನ ಬಾಗಿಲ ಎದುರಿಗೆ ನಮ್ಮ ಸಮ ನಿಂತ್ಕೊಂತಾನಲ್ಲ, ಅದು ನಿನಗೆ ಉರೀತೈತೆ."

ಅದೂ ಸುಳ್ಳಲ್ಲವಾದ್ದರಿಂದ ಅಕ್ಕ ಅದನ್ನೇ ಹಿಡಿದುಕೊಂಡಳು. ನಿಜ ಬಚ್ಚಿಡಲು ಇನ್ನೊಂದು ನಿಜದಷ್ಟು ಒಳ್ಳೆಯ ಮುಚ್ಚಳ ಇಲ್ಲ. "ಹೌದು, ಉರೀತೈತೆ! ಏನೀಗ?" ಎಂದಳು. ಅವತ್ತಿನಿಂದ ಅಜ್ಜಿ ಮೊಮ್ಮಗ ಮಾತು ಬಿಟ್ಟರು.

ಎಂಟು ದಿನ ಕಳೆಯಿತು. ಒಂದು ಮಧ್ಯಾಹ್ನ ಓಬಣ್ಣನ ಸೊಸೆ ಸುಂಕಲಮ್ಮ ಬಯಲು ದಾಟಿ ಬಂದು ನಮ್ಮ ಜಗಲಿಕಟ್ಟೆಯ ಕೆಳಗೆ ನಿಂತಳು. ಹಸಿ ಬಾಣಂತಿ. ಬಗಲಲ್ಲಿದ್ದ ಕೂಸು ಅಳುವುದನ್ನೂ ಬಿಟ್ಟಿತ್ತು. ಅವಳ ಹಿಂದೆ ಹತ್ತು ಮಾರು ದೂರದಲ್ಲಿ ಓಬಣ್ಣ ನಿಂತಿದ್ದ.

"ಒಂದು ಸೇರು ಜೋಳ ಕೊಡ್ರವ್ವಾ. ಹಾಲು ಬತ್ತೈತೆ. ಸುಗ್ಗಿಯಾಗೆ ಮಾವ ದುಡಿದು ತೀರಿಸ್ತಾರೆ" ಎಂದಳು ಸುಂಕಲಮ್ಮ.

ಉಡಚಮ್ಮ ಬಾಗಿಲಲ್ಲಿದ್ದಳು. ಒಳಗಿನಿಂದ ಅಕ್ಕನ ಸ್ವರ ಬಂತು: "ಇಲ್ಲಾಂತ ಹೇಳು."

ಉಡಚಮ್ಮ ಕೂಸಿನ ಮುಖ ನೋಡುತ್ತ ನಿಂತಳು.

"ಹೇಳೇ!"

"ಇಲ್ಲ ಸುಂಕಲಮ್ಮ" ಎಂದಳು ಉಡಚಮ್ಮ. "ನಮ್ಮನ್ಯಾಗೂ ಇಲ್ಲ."

ಓಬಣ್ಣ ನೆಲ ನೋಡುತ್ತಿದ್ದ. ಸರಿಯಾಗಿ ಯಾವ ನೆಲ ನೋಡಬೇಕೋ ಅದನ್ನೇ. ನನ್ನ ಎದೆ ಎಷ್ಟು ಜೋರಾಗಿ ಬಡಿಯಿತೆಂದರೆ ಹಿತ್ತಲಿನ ಎಮ್ಮೆ ಹೆದರಿ ಗೂಟ ಕಿತ್ತಿತು. ಅವನು ಒಂದು ಮಾತನಾಡಿದ್ದರೆ ಮುಗಿದಿತ್ತು. ಆಡಲಿಲ್ಲ. "ನಡಿ ತಾಯಿ" ಎಂದು ಸೊಸೆಯನ್ನು ಕರೆದುಕೊಂಡು ಹೋದ. ಆ ದಿನ ಉಡಚಮ್ಮ ಊಟ ಮಾಡಲಿಲ್ಲ. ಅವಳ ರೊಟ್ಟಿಯನ್ನು ನಾನು ತಿಂದೆ, ಆದರೆ ರುಚಿಸಲಿಲ್ಲವೆಂದು ಹೇಳಿದರೆ ನೀವು ನಂಬಬೇಕು.

ಮುಂದಿನ ಸೋಮವಾರ ಲೆವಿ ವಸೂಲಿಯ ಶೇಕದಾರರು ಬಂದರು. ಅವರ ಜವಾನನ ಕೈಯಲ್ಲಿ ಆಳುದ್ದದ ಕಬ್ಬಿಣದ ಸಲಾಕೆ. ಅನುಮಾನ ಬಂದಲ್ಲಿ ಅದನ್ನು ನೆಲಕ್ಕೆ ಚುಚ್ಚಿ, ಚಪ್ಪಡಿ ತಾಗಿತೇ, ಟೊಳ್ಳು ಸಿಕ್ಕಿತೇ ಎಂದು ನೋಡುವುದು ಅವರ ಪದ್ಧತಿ. ಹಾಗೆ ಚುಚ್ಚಿ ಚುಚ್ಚಿ ಅವರು ನ್ಯಾಮತಿಯ ಕಡೆ ಒಂದು ಇಡೀ ಊರನ್ನು ಜರಡಿ ಮಾಡಿದ್ದರೆಂಬ ಸುದ್ದಿಯಿತ್ತು. ಆ ಸುದ್ದಿ ಹಬ್ಬಿಸಿದವನು ನಾನೇ.

ಅವರನ್ನು ಕರೆದುಕೊಂಡು ಬಂದವನು ರೇವಣ್ಣ. "ಮೊದಲು ನಮ್ಮನೀನೇ ನೋಡ್ರಿ ಸಾಹೇಬ್ರೆ. ಯಾರೂ ನಮ್ಮ ಕಡೆ ಬೆರಳು ತೋರಿಸ್ಬಾರ್ದು" ಎಂದ.

ಕೊಟ್ರಬಸಪ್ಪ ಪಡಸಾಲೆಯ ಕಂಬಕ್ಕೊರಗಿ ವಿಭೂತಿಯ ಮೇಲೆ ಬೆವರು ಒರೆಸಿಕೊಂಡ. ಅಕ್ಕ ಮಾತ್ರ ಆಗಲೇ ಬಯಲಿನ ನಟ್ಟನಡುವೆ ಈಚಲ ಚಾಪೆ ಹಾಸಿ, ಮೊರದಲ್ಲಿ ರೇಷನ್ ಜೋಳದ ಹುಳು ಆರಿಸುತ್ತ ಕೂತಿದ್ದಳು. ಜವಾನ ಹಿತ್ತಲು ಚುಚ್ಚಿದ, ಕೊಟ್ಟಿಗೆ ಚುಚ್ಚಿದ, ಬಯಲಿಗೆ ಬಂದ.

"ಸ್ವಲ್ಪ ಏಳ್ರಿ ಅಮ್ಮಾ" ಎಂದರು ಶೇಕದಾರರು.

"ಮೊಣಕಾಲು ಹಿಡಿದೈತೆ ಸಾಹೇಬ್ರೆ. ಕೂತ್ರೆ ಏಳಾಕಾಗಲ್ಲ, ಎದ್ರೆ ಕೂರಾಕಾಗಲ್ಲ. ನೀವು ಕೊಟ್ಟ ಜೋಳ ನೋಡ್ರಿ ಇಲ್ಲಿ. ಸೇರಿಗೆ ಅರ್ಧ ಹುಳ. ಹುಳಾನೂ ಲೆವಿಗೆ ಹಿಡೀತೀರೇನು?"

ಜನ ನಕ್ಕರು. ಜವಾನ ಚಾಪೆಯ ಅಂಚಿನಲ್ಲಿ ಸಲಾಕೆ ಊರಿದ. ಅದು ಅಕ್ಕನ ಮಂಡಿಯಿಂದ ಒಂದು ಮೊಳ ದೂರದಲ್ಲಿ ನೆಲಕ್ಕಿಳಿಯಿತು, ಇಳಿಯಿತು, ಗಟ್ಟಿ ಮಣ್ಣಿಗೆ ತಾಗಿ ನಿಂತಿತು. ಅಕ್ಕ ಮೊರ ಕೇರುವುದನ್ನು ನಿಲ್ಲಿಸಲಿಲ್ಲ. ಶೇಕದಾರರು ಪುಸ್ತಕದಲ್ಲಿ ಗೀಟು ಹಾಕಿ, "ಪ್ರಾಮಾಣಿಕ ಮನೆತನ" ಎಂದು ರೇವಣ್ಣನ ಬೆನ್ನು ತಟ್ಟಿ, ಆಗಸ್ಟು ಹದಿನಾಲ್ಕರ ಮಧ್ಯಾಹ್ನ ಮತ್ತೆ ಬರುವುದಾಗಿ ಹೇಳಿ ಹೋದರು.

ಅವರು ಹೋದ ಮೇಲೆ ಅಕ್ಕ ನಿಜಕ್ಕೂ ಏಳಲಾಗದೆ ನಾನೂ ಉಡಚಮ್ಮನೂ ಎತ್ತಬೇಕಾಯಿತು.

"ಸಾಕು ಅತ್ತೆ" ಎಂದಳು ಉಡಚಮ್ಮ ಮೆಲ್ಲಗೆ. "ಹುಡುಗನಿಗೆ ಹೇಳಿಬಿಡಾನ."

"ಹೇಳು! ಅವನು ಬರ್ದ್ಕೊಂಡು ಹೋಗಿ ನಿನ್ನ ಗಂಡನ್ನ ಜೈಲಿಗೆ ಹಾಕಿಸ್ಲಿ. ಬರ ಅಂದ್ರೇನು ನಿನಗೆ ಗೊತ್ತಿಲ್ಲ ಉಡಚಿ. ಕೊಟ್ರ ಕೈಗೂಸಿದ್ದಾಗ ಈ ಬೀದಿಯಾಗೆ ಮನಿಗೊಂದು ಹೆಣ ಹೋತು. ಇವನು ಬದುಕಿದ್ದು ಈ ಹಗೇವಿನಿಂದ. ಸರ್ಕಾರ ಬರ್ತೈತೆ, ಹೋಗ್ತೈತೆ. ಹಗೇವು ಇಲ್ಲೇ ಇರ್ತೈತೆ."

ಆಗಸ್ಟು ಹತ್ತಿರವಾಯಿತು. ಜಾಗ ಬಿಟ್ಟುಕೊಡುವವರೆಗೂ ಅನ್ನ ಮುಟ್ಟುವುದಿಲ್ಲವೆಂದು ರೇವಣ್ಣ ಪಡಸಾಲೆಯಲ್ಲಿ ಕೂತ. ಅವನು ಆ ಜಾಗದ ಆಸೆ ಬಿಡುವವರೆಗೂ ತಾನೂ ಮುಟ್ಟುವುದಿಲ್ಲವೆಂದು ಅಕ್ಕ ಅಡಿಗೆಮನೆಯಲ್ಲಿ ಕೂತಳು. ಮೂರು ದಿನ ಮನೆಯಲ್ಲಿ ಎರಡು ಉಪವಾಸ, ನಡುವೆ ಉಡಚಮ್ಮನ ಗೋಗರೆತ, ಕೊಟ್ರಬಸಪ್ಪನ ನಿಟ್ಟುಸಿರು. ಇಬ್ಬರ ಪಾಲಿನ ಅಂಬಲಿಯೂ ಕೆಡಬಾರದಲ್ಲ ಎಂದು ನಾನು ಕುಡಿದೆ. ದೇಶಕ್ಕಾಗಿ ನಾನು ಮಾಡಿದ ತ್ಯಾಗವನ್ನು ಯಾರೂ ಬರೆದಿಟ್ಟಿಲ್ಲ.

ಮೂರನೆಯ ದಿನ ಅಕ್ಕನ ತಲೆಯಲ್ಲಿ ಮಿಂಚು ಹೊಡೆಯಿತು. ಎದ್ದು ಪಡಸಾಲೆಗೆ ಬಂದಳು.

"ನೆಡು" ಎಂದಳು. "ಆದ್ರೆ ನೆಲ ಅಗೀಬ್ಯಾಡ. ಕಲ್ಲಿನ ಕಟ್ಟೆ ಕಟ್ಟಿ ಅದರ ಮ್ಯಾಲೆ ನೆಡು. ದೇವರಂಥ ಬಾವುಟನ ಯಾರಾದ್ರೂ ಬರೀ ನೆಲದಾಗೆ ನಿಲ್ಲಿಸ್ತಾರೇನು?"

ರೇವಣ್ಣ ಅಜ್ಜಿಯ ಕಾಲಿಗೆ ಬಿದ್ದ. ಅಕ್ಕ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದಳು. ಹಗೇವಿನ ಮೇಲೆ ಕಟ್ಟೆ, ಕಟ್ಟೆಯ ಮೇಲೆ ದೇಶದ ಬಾವುಟ. ಯಾವ ಶೇಕದಾರ ಅಲ್ಲಿ ಸಲಾಕೆ ಚುಚ್ಚುತ್ತಾನೆ? ಅವತ್ತಿನಿಂದ ಊರಿನಲ್ಲಿ ಅಕ್ಕನಂಥ ದೇಶಭಕ್ತೆ ಇನ್ನೊಬ್ಬಳಿಲ್ಲ. ಕಟ್ಟೆಗೆ ಕಲ್ಲು ಸಾಲದೆಂದು ದನದ ಕೊಟ್ಟಿಗೆಯ ಗೋಡೆಯನ್ನೇ ಕೆಡವಿಸಿದಳು. ಭಾರತಮಾತೆ ತನಗೆ ತವರಿನ ಕಡೆಯ ಸಂಬಂಧವೆಂದು ಹೇಳಿಕೊಂಡು ತಿರುಗುವುದೊಂದು ಬಾಕಿಯಿತ್ತು.

ಅವಳ ದೇಶಸೇವೆ ಹದಿಮೂರನೆಯ ತಾರೀಖು ಬುಧವಾರ ಬೆಳಿಗ್ಗೆಯವರೆಗೆ ನಡೆಯಿತು. ಆವತ್ತು ಕಂಬ ಬಂತು. ಬಡಗಿ ಅದನ್ನು ನೋಡಿ, ಕಟ್ಟೆಯನ್ನು ನೋಡಿ, ತಲೆಯಾಡಿಸಿದ.

"ಇಪ್ಪತ್ತೈದು ಅಡಿ ಐತೆ. ನಮ್ಮ ಗಾಳಿಗೆ ಕಟ್ಟೆ ಮ್ಯಾಲೆ ನಿಲ್ಲಾಕಿಲ್ಲ. ನೆಲದಾಗೆ ನಾಲ್ಕಡಿ ಗುಂಡಿ ಬೇಕು. ಬಿದ್ರೆ ನಾಲ್ಕು ತಲೆ ಹೋಗ್ತಾವೆ."

ರೇವಣ್ಣ ಅಜ್ಜಿಗೆ ಹೇಳಿ ಕಳಿಸುವಷ್ಟೂ ತಡೆಯಲಿಲ್ಲ. ಕಟ್ಟೆಯ ನಡುವಿನ ಕಲ್ಲು ತೆಗೆಸಿ, ಹಾರೆ ಕೊಟ್ಟು ಓಬಣ್ಣನನ್ನು ಅಗೆಯಲು ನಿಲ್ಲಿಸಿದ. ಸುತ್ತ ಐದು ಸಾವಿರ ಜನ ಸೇರಿದ್ದರು. ನಮ್ಮೂರಿನಲ್ಲಿದ್ದದ್ದೇ ಆರುನೂರು ಮಂದಿ ಎಂದು ಯಾರಾದರೂ ಆಕ್ಷೇಪಿಸಿದರೆ ನನಗೆ ಬೇಸರವಿಲ್ಲ.

ಓಬಣ್ಣ ಗೆರೆ ಬಿಟ್ಟು ಎರಡು ಮೊಳ ಆಚೆ ಹಾರೆ ಹಾಕಿದ.

"ಅಲ್ಲಲ್ಲ ಓಬಣ್ಣ, ಇಲ್ಲಿ" ಎಂದ ರೇವಣ್ಣ.

"ಇಲ್ಲಿ ಮಣ್ಣು ಮೆತ್ತಗೈತೆ ಸಣ್ಣಗೌಡ್ರೆ."

"ಗೆರೆ ಇಲ್ಲೈತೆ."

ಓಬಣ್ಣ ತಲೆಯೆತ್ತಿ ನಮ್ಮ ಬಾಗಿಲ ಕಡೆ ನೋಡಿದ. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಕೈ ಬಾಗಿಲ ಚೌಕಟ್ಟನ್ನು ಹಿಡಿದಿತ್ತು. "ಏನ್ ಮಾಡ್ಲಿ ಅಮ್ಮಾರೆ?" ಎಂದು ಅವನು ಅಲ್ಲಿಂದಲೇ ಕೇಳಿದ. ಅವಳ ಕಣ್ಣು ಗೆರೆಯ ಮೇಲೆಯೇ ಇತ್ತು. ಅವನು ಹಾರೆಯನ್ನು ಕೆಳಗಿಟ್ಟು ಪಕ್ಕಕ್ಕೆ ನಿಂತ.

"ಇವ್ರಿಗೆಲ್ಲ ಭಯ" ಎಂದು ರೇವಣ್ಣ ತಾನೇ ಹಾರೆ ಎತ್ತಿದ. ಒಂದೇಟು, ಎರಡೇಟು, ಹತ್ತೇಟು. ಹನ್ನೊಂದನೆಯದಕ್ಕೆ ಕಲ್ಲಿಗೆ ಕಬ್ಬಿಣ ಬಡಿದ ಸದ್ದು, ಅದರಡಿಯಲ್ಲಿ ಬೇರೊಂದು ಟೊಳ್ಳು ಸದ್ದು. ಮಣ್ಣು ಬಾಚಿದ. ಚಪ್ಪಡಿ ಕಂಡಿತು. ಹಾರೆಯಿಂದ ಮೀಟಿ ಸರಿಸಿದ. ಕಪ್ಪು ಬಾಯಿ ತೆರೆಯಿತು. ಬಿಸಿ, ಹುಳಿ ವಾಸನೆ ಮೇಲೆ ಬಂತು.

"ಲೇ, ಏನೋ ಐತೆ ಒಳಗೆ! ಹಳೇ ಕಾಲದ ನಿಧಿ ಇರ್ಬೇಕು" ಎಂದು ಅವನು ಮಂಡಿಯೂರಿ, ತಲೆಯನ್ನೂ ಭುಜವನ್ನೂ ಒಳಗೆ ತೂರಿಸಿದ.

"ಇಳೀಬ್ಯಾಡಲೇ!" ಅಕ್ಕ ಬಾಗಿಲಿನಿಂದ ಚೀರಿದಳು. "ದೀಪ ಬಿಟ್ಟಿಲ್ಲ! ದೀಪ ಬಿಟ್ಟಿಲ್ಲ!"

ಅಷ್ಟರಲ್ಲಿ ರೇವಣ್ಣನ ಮೈ ಸಡಿಲವಾಗಿತ್ತು. ತಲೆ ಕೆಳಗಾಗಿ ಜಾರತೊಡಗಿದ. ಓಬಣ್ಣ ಹಾರಿ ಎರಡೂ ಕಾಲು ಹಿಡಿದು, ಹಿಂದಕ್ಕೆ ಬಿದ್ದು ಎಳೆದ. ಟೋಪಿ ಒಳಗೇ ಹೋಯಿತು. ಹುಡುಗ ಹೊರಗೆ ಬಂದ. ಮುಖ ನೀಲಿ, ಬಾಯಲ್ಲಿ ನೊರೆ. ಅಕ್ಕ ಓಡಿ ಬಂದಳು. ಹಿಡಿದ ಮೊಣಕಾಲು ಎಲ್ಲಿಗೆ ಹೋಗಿತ್ತೋ! ಮೊಮ್ಮಗನ ತಲೆ ಓಬಣ್ಣನ ತೊಡೆಯ ಮೇಲಿತ್ತು. ಅವಳು ಅಲ್ಲಿಯೇ ಕುಸಿದು ಅವನ ಎದೆ ಉಜ್ಜಿದಳು, ಸೆರಗು ಬೀಸಿದಳು, ಶಿವ ಶಿವಾ ಎಂದಳು. ಬಹಳ ಹೊತ್ತಿನ ಮೇಲೆ ಅವನು ವಾಂತಿ ಮಾಡಿಕೊಂಡು ಕಣ್ಣು ಬಿಟ್ಟ.

ಮೊದಲು ಬಾವುಟ ಕೇಳಲಿಲ್ಲ, ನೀರು ಕೇಳಲಿಲ್ಲ. "ಅಜ್ಜಿ" ಎಂದ. "ದೀಪ ಅಂದ್ಯಲ್ಲ. ಇದು ಹಗೇವು ಅಂತ ನಿನಗೆ ಹೆಂಗೆ ಗೊತ್ತು?"

ಐದು ಸಾವಿರ ಬಾಯಿ ಒಟ್ಟಿಗೆ ಮುಚ್ಚಿದವು. ಸುಂಕಲಮ್ಮ ಮುಂದೆ ಬಂದು ಬಗ್ಗಿ ನೋಡಿದಳು. ಬೆಳಕಿನ ಕೋಲು ಒಳಗೆ ಬಿದ್ದಿತ್ತು; ಅದರ ತುದಿಯಲ್ಲಿ ಬಿಳಿ ಜೋಳ ಹೊಳೆಯುತ್ತಿತ್ತು, ಜೋಳದ ಮೇಲೆ ಒಂದು ಗಾಂಧಿ ಟೋಪಿ. ಅವಳು ತಲೆಯೆತ್ತಿ ಮೊದಲು ಮಾವನನ್ನು ನೋಡಿದಳು. "ನಿಮಗೂ ಗೊತ್ತಿತ್ತಾ?" ಎಂದು ಕೇಳಿದಳು. ಓಬಣ್ಣ ಬಗ್ಗಿ ರೇವಣ್ಣನ ಬಾಯಿ ಒರೆಸತೊಡಗಿದ.

ದೀಪ ಹಚ್ಚುವ ಹೊತ್ತಿಗೆ ಪಡಸಾಲೆಯಲ್ಲಿ ರೇವಣ್ಣ ಮಂಚದ ಮೇಲೆ ಮಲಗಿದ್ದ. ನೋಟ್‌ಬುಕ್ಕು ಎದೆಯ ಮೇಲಿತ್ತು.

"ಮೊದಲ್ನೇ ಹೆಸರು ನಮ್ದೇ ಬರೀತೀನಿ" ಎಂದ.

ಕೊಟ್ರಬಸಪ್ಪ ಮಗನ ಕೆನ್ನೆಗೆ ಹೊಡೆದ. "ಅಪ್ಪನ್ನ ಜೈಲಿಗೆ ಹಾಕ್ಸಾಕೆ ಓದ್ಸಿದ್ನೇನಲೇ ನಿನ್ನ?"

"ಹೊಡೀರಿ!" ಎಂದು ಉಡಚಮ್ಮ ಒಳಗಿನಿಂದ ಬಂದಳು. ಆ ಮನೆಯಲ್ಲಿ ಇಪ್ಪತ್ತೊಂದು ವರ್ಷದಲ್ಲಿ ಅವಳು ಗಂಡನೆದುರು ದನಿ ಎತ್ತಿದ್ದು ಅದೇ ಮೊದಲು. ಸೂರಿನ ಗುಬ್ಬಿಗಳೆಲ್ಲ ಹಾರಿಹೋದವು. "ನನಗೂ ಹೊಡೀರಿ. ಆ ಬಾಣಂತಿ ಸೆರಗೊಡ್ಡಿದಾಗ ಇಲ್ಲ ಅಂದ ಬಾಯಿ ಇದು. ಅದಕ್ಕೆ ಹೊಡೀರಿ. ಇವತ್ತು ನಿಮ್ಮ ಮಗನ ಕಾಲು ಹಿಡಿದು ಎಳೆದೋರು ಯಾರು? ನೀವೋ, ನಿಮ್ಮ ಜೋಳವೋ?"

ಕೊಟ್ರಬಸಪ್ಪ ಕೂತುಬಿಟ್ಟ.

"ನಾಳೆ ಮಧ್ಯಾಹ್ನ ಶೇಕದಾರರು ಬರ್ತಾರೆ" ಎಂದ ರೇವಣ್ಣ. "ಅವರು ತೆಗೆಸಿದ್ರೆ ಅಪ್ಪ ಜೈಲಿಗೆ, ಜೋಳ ಜಗಳೂರಿಗೆ. ಅವರು ಬರೋದ್ರೊಳಗೆ ನಾವೇ ತೆಗೆದು ಸಮಿತಿಗೆ ಒಪ್ಪಿಸಿದ್ರೆ ದಂಡದಾಗೆ ಮುಗೀತೈತೆ, ಜೋಳ ಊರಾಗೇ ಉಳೀತೈತೆ. ನೀನೇ ಹೇಳು ಅಜ್ಜಿ."

ಅಕ್ಕ ಎದ್ದು ಮೊಮ್ಮಗನ ಹೊದಿಕೆ ಸರಿಪಡಿಸಿದಳು. "ಬೆಳಿಗ್ಗೆ ಓಬನಿಗೆ ಬರಾಕೆ ಹೇಳು" ಎಂದಳು.

ಗುರುವಾರ ಬೆಳಿಗ್ಗೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟೆವು. ಆರು ಅಡಿ ಇಳಿಯುವಷ್ಟರಲ್ಲಿ ಪಕ್ಕನೆ ಆರಿತು. ಬೇವಿನ ಸೊಪ್ಪಿನ ಹೊರೆ ಕಟ್ಟಿ ಮೇಲೆ ಕೆಳಗೆ ಎಳೆದಾಡಿ ಒಳಗಿನ ಗಾಳಿ ಕದಡಿದೆವು. ಎರಡನೆಯ ಸಲವೂ ಆರಿತು. ಬಿಸಿಲು ಏರುತ್ತಿತ್ತು. ಜಗಳೂರಿನ ದಾರಿಯಲ್ಲಿ ಧೂಳೆದ್ದಾಗಲೆಲ್ಲ ಕೊಟ್ರಬಸಪ್ಪ ಬೆಚ್ಚಿಬೀಳುತ್ತಿದ್ದ. ಮೂರನೆಯ ಸಲ ಕಂದೀಲು ಜೋಳದ ಮೇಲೆ ಕೂತು, ಸಣ್ಣಗೆ, ನೆಟ್ಟಗೆ ಉರಿಯಿತು.

"ಇಳಿ ಓಬ" ಎಂದಳು ಅಕ್ಕ.

ಓಬಣ್ಣ ಕೈಕಟ್ಟಿ ನಿಂತಿದ್ದ. ಅವನ ಹಿಂದೆ ಕೆಳಗಿನ ಕೇರಿ ಪೂರ್ತಿ ನಿಂತಿತ್ತು.

"ನಾ ಇಳಿಯಲ್ಲ ಅಮ್ಮಾರೆ."

"ಏನಂದಿ?"

"ಮೂವತ್ತು ವರ್ಷ ಇಳಿದೀನಿ. ತುಂಬೀನಿ, ಮುಚ್ಚೀನಿ, ಬಾಯಿ ಹೊಲ್ಕೊಂಡೀನಿ. ಮನಿಯಾಗೆ ಕೂಸು ಒಣಗ್ತಿತ್ತು, ಆಗ್ಲೂ ಹೊಲಿಗೆ ಬಿಚ್ಚಲಿಲ್ಲ. ನಿನ್ನೆಯಿಂದ ನನ್ನ ಸೊಸೆ ನನಗೆ ನೀರು ಕೊಟ್ಟಿಲ್ಲ. ಹಗ್ಗ ಹಿಡೀತೀನಿ, ಎಷ್ಟೊತ್ತು ಬೇಕಾದ್ರೂ ಹಿಡೀತೀನಿ. ಇಳಿಯೋದು ಇವತ್ತು ನಿಮ್ಮ ಮನಿಯೋರು ಇಳೀಲಿ."

ದೊಡ್ಡ ಬೀದಿಯವರು ಗುಜುಗುಟ್ಟಿದರು. "ಸ್ವಾತಂತ್ರ್ಯ ನಾಳೆಗೈತೆ, ಇವನು ಇವತ್ತೇ ಸುರು ಮಾಡ್ಯಾನೆ" ಎಂದ ಯಾರೋ ಒಬ್ಬ. ಓಬಣ್ಣ ಅತ್ತ ತಿರುಗಲಿಲ್ಲ.

ಕೊಟ್ರಬಸಪ್ಪ ಮುಂದೆ ಬಂದ. ಹಗೇವಿನ ಬಾಯಲ್ಲಿ ಕಾಲು ಇಳಿಬಿಟ್ಟ. ಹೊಟ್ಟೆ ಸಿಕ್ಕಿಕೊಂಡಿತು, ನಾಲ್ವರು ಹಿಡಿದು ಹೊರಗೆಳೆದರು. ರೇವಣ್ಣ ಮಂಚದಿಂದ ಎದ್ದು ಬರಲು ಹೋಗಿ ಹೊಸಿಲಲ್ಲೇ ಕುಸಿದ. ಎಲ್ಲರೂ ನನ್ನ ಕಡೆ ತಿರುಗಿದರು. ಹುಲಿಯ ಬಾಯಲ್ಲಿ ಕೈಯಿಟ್ಟು ಹಲ್ಲೆಣಿಸಿದವನು ನಾನು. ಆದರೆ ಅವತ್ತು ನನ್ನ ಎಡಗಾಲು ಯಾಕೋ ಭಾರವಾಗಿತ್ತು. ಬಲಗಾಲೂ.

ಅಕ್ಕ ನಮ್ಮನ್ನೆಲ್ಲ ಒಂದು ಸುತ್ತು ನೋಡಿದಳು. ಎಪ್ಪತ್ತರ ಮುದುಕಿ. ಸೆರಗು ಸೊಂಟಕ್ಕೆ ಬಿಗಿದಳು, ನಿರಿಗೆ ಎತ್ತಿ ಕಚ್ಚೆ ಹಾಕಿದಳು.

"ಅವ್ವಾ, ಏನ್ ಮಾಡ್ತೀ?" ಎಂದ ಕೊಟ್ರಬಸಪ್ಪ.

"ತುಂಬಿಸ್ದೋಳು ನಾನು. ಪುಟ್ಟಿ ತರ್ರಿ."

ಹಗ್ಗ ಕಟ್ಟಿದ ದೊಡ್ಡ ಬಿದಿರು ಪುಟ್ಟಿಯಲ್ಲಿ ಕಾಲಿಟ್ಟು ಅವಳು ಕುಕ್ಕರುಗಾಲಲ್ಲಿ ಕೂತಳು. ಹಗ್ಗದ ಮೊದಲ ಹಿಡಿತ ಓಬಣ್ಣನದು. ಅವನ ಹಿಂದೆ ಕೊಟ್ರಬಸಪ್ಪ. ಕೊಟ್ರಬಸಪ್ಪನ ಹಿಂದೆ ಕೆಳಗಿನ ಕೇರಿಯ ಇಬ್ಬರು, ಆಮೇಲೆ ಬಡಗಿ, ಕಡೆಗೆ ನಾನು. ಯಾರ ಕೈ ಯಾರ ಕೈಗೆ ತಾಗಿತೆಂದು ಆ ಹೊತ್ತಿನಲ್ಲಿ ನೋಡಿದವರಿಲ್ಲ.

"ಮೆಲ್ಲಗೆ ಬಿಡು ಓಬಣ್ಣ" ಎಂದಳು ಅಕ್ಕ. ನೆಲದ ಮಟ್ಟಕ್ಕೆ ಅವಳ ಬಿಳಿ ತಲೆ ಒಂದು ಗಳಿಗೆ ಕಂಡು ಮರೆಯಾಯಿತು.

ಹಗ್ಗ ಸಡಿಲವಾಯಿತು. ಕೆಳಗೆ ಸದ್ದಿಲ್ಲ. ನಾನು ಸಾವಿರ ಎಣಿಸಿದೆ. ನಿಜ ಹೇಳಬೇಕೆಂದರೆ ಇಪ್ಪತ್ತು. "ಅವ್ವಾ!" ಎಂದು ಕೊಟ್ರಬಸಪ್ಪ ಕೂಗಿದ. ಓಬಣ್ಣ ಹಗ್ಗವನ್ನು ಪಕ್ಕದವನಿಗೆ ಕೊಟ್ಟು, ತಾನೇ ಇಳಿಯಲು ಅಂಗಿ ಕಳಚತೊಡಗಿದ. ಸುಂಕಲಮ್ಮ ಕೂಸನ್ನೆತ್ತಿಕೊಂಡು ಬಾಯಿಯ ಅಂಚಿಗೆ ಬಂದು ಬಗ್ಗಿದಳು.

ಹಗ್ಗ ಎರಡು ಸಲ ಜಗ್ಗಿತು.

"ಏನ್ ನಿಂತು ನೋಡ್ತೀರಲೇ?" ಒಳಗಿನಿಂದ ಅಕ್ಕನ ಸ್ವರ ಗುಡುಗಿತು. "ಪುಟ್ಟಿ ತುಂಬೈತೆ, ಎಳೀರಿ! ಮೊದಲ್ನೇದು ಆ ಬಾಣಂತಿ ಸೆರಗಿಗೆ ಸುರೀರಿ. ಲೆಕ್ಕ ಬರಿಯೋನು ಆಮ್ಯಾಲೆ ಬರ್ಕಳ್ಲಿ."